ಜೋಡಿ ಡಿಸ್ಕು ಮತ್ತು ಹನ್ನೊಂದನೆಯ ಟೇಪು

ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಬಟ್ಟೆ ಒಗೆಯುವ ಯಂತ್ರಕ್ಕೂ ಅದೇ, ರೀಲಕ್ಕನ ಕಂಪ್ಯೂಟರಿಗೂ ಅದೇ. ಹಾಗಾಗಿ ಆ ಮನೆಯಲ್ಲಿ ಬಟ್ಟೆ ಯಾವಾಗ ಒಗೆಯಬೇಕು ಎನ್ನುವುದನ್ನು ಬಿಸಿಲು ಮೋಡಗಳು ತೀರ್ಮಾನಿಸುತ್ತಿರಲಿಲ್ಲ, ಯಾರದೋ ಮನೆಯ ಹಳೆಯ ಟೇಪು ತೀರ್ಮಾನಿಸುತ್ತಿತ್ತು. ಟೇಪು ಓಡುವಾಗ ಒಗೆತ ಇಲ್ಲ, ಒಗೆತ ನಡೆಯುವಾಗ ಟೇಪು ಇಲ್ಲ. ಎರಡನ್ನೂ ಮಾಡುವವಳು ಒಬ್ಬಳೇ ಆದ್ದರಿಂದ ಜಗಳಕ್ಕೆ ಅವಕಾಶವೂ ಇರಲಿಲ್ಲ.

ರೀಲಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಈ ಕೋಣೆ ಕತ್ತಲೆಕೋಣೆಯಾಗಿತ್ತು. ಗಂಡ ತೆಗೆದ ಫೋಟೋಗಳನ್ನು ಅವಳು ಇಲ್ಲಿ ತೊಳೆದು ಹಗ್ಗಕ್ಕೆ ನೇತು ಹಾಕುತ್ತಿದ್ದಳು. ಮುಂದೆ ಆಲ್ಬಮ್ ಅಂಟಿಸುವ ಕೆಲಸ ಬಂತು, ಅದರ ಹಿಂದೆ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ. ಕಳೆದ ಆರು ವರ್ಷಗಳಿಂದ ಜನ ಅಟ್ಟದಿಂದ ಇಳಿಸಿ ತರುವ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಕೊಡುವುದು. ಮನೆಯ ಮುಂಭಾಗದಲ್ಲಿರುವ ಸ್ಟುಡಿಯೋದ ಬೋರ್ಡಿನ ಮೇಲೆ ಮಾತ್ರ ಆವತ್ತಿನಿಂದ ಈವತ್ತಿನವರೆಗೆ ಗಂಡನೊಬ್ಬನೇ, ಕ್ಯಾಮೆರಾ ಹಿಡಿದು ನಗುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಯಾರದು, ಬಾಯಿ ಯಾರದು ಎನ್ನುವುದನ್ನು ಗಾದೆ ಕಟ್ಟಿದವರು ಹೇಳಿ ಹೋಗಿಲ್ಲ.

ಆ ಸಲ ಕಂಪ್ಯೂಟರಿನಲ್ಲಿ ವಿಡಿಯೋಗಳಿಗೆಂದೇ ಇದ್ದ ಹಾರ್ಡ್ ಡಿಸ್ಕು ಉಸಿರಾಡಲು ಜಾಗವಿಲ್ಲದಂತೆ ತುಂಬಿತ್ತು. ದರ್ಜಿಯಮ್ಮ ತಂದುಕೊಟ್ಟ ಟೇಪುಗಳು ಹದಿನೈದು ದಿನದಿಂದ ಶೂ ಪೆಟ್ಟಿಗೆಯಲ್ಲೇ ಕೂತಿದ್ದವು.

ದರ್ಜಿಯಮ್ಮ ಎರಡು ಬೀದಿ ಆಚೆ ಬಟ್ಟೆ ರಿಪೇರಿ ಮಾಡುವವಳು. ರೀಲಕ್ಕನ ವಯಸ್ಸಿನವಳೇ. ಅವಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಪೆಟ್ಟಿಗೆಯಲ್ಲಿ ಅಂಗೈಯಗಲದ ಹನ್ನೊಂದು ಟೇಪುಗಳಿದ್ದವು, ಎಲ್ಲವೂ ಅವಳ ತಂದೆ ತೆಗೆದದ್ದು.

"ಅಮ್ಮ ಇರೋ ಜಾಗ ಮಾತ್ರ ಬೇರೆ ತೆಗೆದುಕೊಡಿ ರೀಲಕ್ಕ. ಫೋಟೋ ಅಂತ ಇರೋದು ಗುರುತಿನ ಚೀಟಿದೊಂದೇ. ಅದರಲ್ಲಿ ಅಮ್ಮ ಆಸ್ಪತ್ರೆ ಸಾಲಲ್ಲಿ ನಿಂತವರ ಥರ ಕಾಣ್ತಾರೆ."

"ನಿಮ್ಮಪ್ಪ ಇದಾರಾ ಇದರಲ್ಲಿ?"

"ಅಪ್ಪ ಕ್ಯಾಮೆರಾ ಹಿಂದೆ. ದನಿ ಕೇಳ್ಸುತ್ತೆ. 'ಏ, ಅಡ್ಡ ಬರಬೇಡ' ಅಂತ ಅಮ್ಮನಿಗೆ ಹೇಳೋದು."

ಡಿಸ್ಕು ತಂದವನು ಮೈದುನ. ಪೇಟೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಊಟದ ಮೇಜಿನ ಮೇಲೆ ಈ ಕಡೆ ಒಂದು ದೊಡ್ಡ ಡಬ್ಬಿ, ಆ ಕಡೆ ಎರಡು ಸಣ್ಣ ಡಬ್ಬಿ ಇಟ್ಟು, ವರನ ಕಡೆಯವರು ಬಂದಾಗ ಜಾತಕ ಹರಡಿದವನಂತೆ ಗಂಭೀರವಾಗಿ ಕುಳಿತ.

"ನೋಡಿ ಅತ್ತಿಗೆ. ಇದೊಂದೇ ದೊಡ್ಡದು ಹಾಕಿದ್ರೆ ಜಾಗಕ್ಕೆ ಚಿಂತೆ ಇಲ್ಲ, ಆದ್ರೆ ಓಟ ನಿಧಾನ. ಇವೆರಡನ್ನ ಪಟ್ಟೆ ಜೋಡಿ ಮಾಡಿ ಹಾಕಿದ್ರೆ ಜಾಗ ಅಷ್ಟೇ, ಓಟ ಹೆಚ್ಚುಕಮ್ಮಿ ಎರಡರಷ್ಟು. ಕಂಪ್ಯೂಟರಿಗೆ ಎರಡೂ ಸೇರಿ ಒಂದೇ ಥರ ಕಾಣುತ್ತೆ. ಯಾವ ಫೈಲು ಕೊಟ್ರೂ ಪಟ್ಟೆ ಪಟ್ಟೆ ಕತ್ತರಿಸಿ, ಒಂದು ಪಟ್ಟೆ ಇದಕ್ಕೆ, ಮುಂದಿನ ಪಟ್ಟೆ ಅದಕ್ಕೆ ಬರೆಯುತ್ತೆ. ಎರಡು ಕೈಲಿ ಊಟ ಮಾಡಿದ ಹಾಗೆ."

"ಎರಡು ಕೈಲಿ ತಿಂದ್ರೂ ಗಂಟಲು ಒಂದೇ ಅಲ್ವಾ," ಎಂದಳು ರೀಲಕ್ಕ. "ಒಂದು ಕೆಟ್ರೆ ಏನು ಗತಿ?"

ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ ಕೂತಿದ್ದ ಗಂಡನಿಗೆ ಫೋನು ಬಂತು. ಮದುವೆ ಮನೆಯವರು. ಅವನು "ಹೇಳಿ ಹೇಳಿ" ಎನ್ನುತ್ತ ಹೊರಗೆ ಹೋದ. ಮೈದುನ ಸತ್ಯ ಹೇಳಿದ್ದು ಅವನು ಹೊರಗಿದ್ದ ಆ ಎರಡು ನಿಮಿಷದಲ್ಲೇ.

"ಒಂದು ಕೆಟ್ರೆ ಎರಡೂ ಹೋದ ಹಾಗೆ. ಅರ್ಧರ್ಧ ಪಟ್ಟೆ ಇಟ್ಕೊಂಡು ಏನು ಮಾಡ್ತೀರಿ. ಆದ್ರೆ ಹೊಸದು ಅತ್ತಿಗೆ, ಯಾಕೆ ಕೆಡುತ್ತೆ."

ರೀಲಕ್ಕನಿಗೆ ಕಣ್ಣ ಮುಂದೆ ಬಂದದ್ದು ಒಂದು ಹೊದಿಕೆ. ಅದನ್ನು ಉದ್ದುದ್ದ ಸೀಳಿ, ಒಂದು ಸೀಳು ಈ ಪೆಟ್ಟಿಗೆಗೆ, ಒಂದು ಸೀಳು ಆ ಪೆಟ್ಟಿಗೆಗೆ ಹಾಕಿಟ್ಟರೆ, ಒಂದು ಪೆಟ್ಟಿಗೆ ಕಳೆದ ದಿನ ಚಳಿಗೆ ಹೊದೆಯುವುದೇನನ್ನು? ಮನೆಯಲ್ಲಿ ಕೆಡುವ ಸಾಮಾನುಗಳ ಲೆಕ್ಕ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ನಾನದ ಮನೆಯ ನಲ್ಲಿ ಎಲ್ಲವೂ ಹೊಸದಾಗಿದ್ದಾಗಲೇ ಒಂದಲ್ಲ ಒಂದು ಸಲ ಕೈ ಕೊಟ್ಟಿದ್ದವು.

"ಒಂದು ಸಾಮಾನಿದ್ರೆ ಅದು ಕೆಟ್ಟಾಗ ಮಾತ್ರ ಕೆಡುತ್ತೆ," ಎಂದಳು. "ಎರಡನ್ನ ಹೀಗೆ ಕಟ್ಟಿದ್ರೆ ಯಾವುದು ಕೆಟ್ರೂ ಕೆಡುತ್ತೆ. ನನಗೆ ದೊಡ್ಡದೇ ಸಾಕು. ನಿಧಾನ ಆದ್ರೆ ಆಗ್ಲಿ, ಅಷ್ಟು ಹೊತ್ತಲ್ಲಿ ತರಕಾರಿ ಹೆಚ್ಕೋತೀನಿ."

ಗಂಡ ಒಳಗೆ ಬಂದ. ಮೂರು ಕ್ಯಾಮೆರಾದ ಮದುವೆ ಸಿಕ್ಕಿತ್ತು, ಮುಖ ಅರಳಿತ್ತು. "ಏನು ತೀರ್ಮಾನ ಆಯ್ತು? ಎರಡು ತಾನೇ? ಎರಡೇ ಹಾಕು. ಮೂರು ಕ್ಯಾಮೆರಾದ್ದು ಒಟ್ಟಿಗೆ ಓಡಿಸೋವಾಗ ಪರದೆ ಮೇಲೆ ಮದುಮಗ ಕುಂಟ್ತಾನೆ, ನೋಡಿದೀಯಲ್ಲ."

"ನನ್ನ ಟೇಪಿನ ಕೆಲಸಕ್ಕೆ…"

"ನಿನ್ನ ಟೇಪಿಗೇನು ಆತುರ? ಮೂವತ್ತು ವರ್ಷ ಅಟ್ಟದ ಮೇಲೆ ಕಾದಿದೆ."

ಮೈದುನ ಅಣ್ಣನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ "ಎರಡಕ್ಕೂ ಅದರದರ ಅನುಕೂಲ ಇದೆ" ಎಂದ, ಸ್ಕ್ರೂ ಡ್ರೈವರ್ ತೆಗೆದು ಜೋಡಿಯನ್ನೇ ಹಾಕಿದ. ಹಳೆಯ ಡಿಸ್ಕನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ರೀಲಕ್ಕ ಕೈ ಚಾಚಿ ತೆಗೆದುಕೊಂಡಳು.

"ಇದು ಇರಲಿ. ಹೊರಗಿಂದ ಸಿಕ್ಸೋ ಡಬ್ಬಿ ಒಂದು ಕೊಡು."

"ಮುರುಕಲು ಸಾಮಾನೆಲ್ಲ ಕೂಡಿಡೋ ಚಟ ಇವಳಿಗೆ," ಎಂದ ಗಂಡ ತಮ್ಮನಿಗೆ. "ಎರಡು ಇರೋವಾಗ ಮೂರನೇದು ಯಾಕಂತೆ."

ಆ ಮಾತು ಅವಳಿಗೆ ಸೂಜಿಯಂತೆ ಚುಚ್ಚಿತು. ಎರಡು ಎಂದರೆ ಎರಡು ಪ್ರತಿ ಎಂದುಕೊಂಡಿದ್ದಾನೋ ಏನೋ. ಆ ವಾರ ಒಂದು ಸಲ ಹೇಳಲು ಹೋದಳು. ಅವನು ಲೆನ್ಸ್ ಒರೆಸುತ್ತಿದ್ದವನು "ಆಮೇಲೆ" ಎಂದ. ಇನ್ನೊಂದು ಸಲ ಊಟಕ್ಕೆ ಕೂತಾಗ ತೆಗೆದಳು. "ಅನ್ನ ತಿನ್ನೋವಾಗಲೂ ಡಿಸ್ಕಾ" ಎಂದ. ಮೂರನೆಯ ಸಲ ಅವಳು ಹೇಳಲಿಲ್ಲ. ಹೇಳಬಹುದಿತ್ತು.

ಅಡುಗೆಮನೆಯ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಎಂದೋ ಕೊಟ್ಟು ಮುಗಿಸಿದ ಮದುವೆಗಳನ್ನು ಅಳಿಸಿ ಸ್ವಲ್ಪ ಜಾಗ ಮಾಡಿಕೊಂಡಿದ್ದ ಹಳೆಯ ಡಿಸ್ಕನ್ನು ಡ್ರಾಯರಿನಿಂದ ತೆಗೆದು ಸಿಕ್ಕಿಸಿ, ಆ ದಿನ ಇಳಿಸಿದ ಟೇಪುಗಳ ಇನ್ನೊಂದು ಪ್ರತಿ ಮಾಡಿಡುವುದು ಅವಳ ದಿನದ ಕೊನೆಯ ಕೆಲಸ. ಗಂಡನ ಮದುವೆಗಳು ಅದರಲ್ಲಿ ಹಿಡಿಸುತ್ತಿರಲಿಲ್ಲ, ಅವು ಆನೆ ಗಾತ್ರದವು. ಅವಕ್ಕೆ ಅವನ ಕ್ಯಾಮೆರಾದ ಕಾರ್ಡುಗಳೇ ಇವೆ ಎಂದು ಅವಳು ಸುಮ್ಮನಿದ್ದಳು.

"ಏನು ಮಾಡ್ತಿದೀಯ ಇನ್ನೂ?" ಎಂದು ಅತ್ತೆ ಕೇಳುವರು.

"ಕಾಪಿ ಆಗ್ತಿದೆ ಅತ್ತೆ."

"ಅಂದ್ರೆ ಸುಮ್ಮನೆ ಕೂತಿದೀಯ. ಹಾಗಾದ್ರೆ ನನ್ನ ಕಾಲಿಗೆ ಸ್ವಲ್ಪ ಎಣ್ಣೆ ತಿಕ್ಕು ಬಾ."

ದರ್ಜಿಯಮ್ಮನ ಟೇಪುಗಳು ಎರಡು ತಿಂಗಳು ಹಿಡಿದವು. ಒಂದೊಂದನ್ನೂ ಬಿಚ್ಚಿ, ಬೂಷ್ಟು ಒರೆಸಿ, ಬೇರೆ ಕ್ಯಾಸೆಟ್ಟಿನ ಗೂಡಿಗೆ ಸುತ್ತಿ ಓಡಿಸಬೇಕಿತ್ತು. ಮಕ್ಕಳು ಓಡುತ್ತವೆ, ಹೊಸ ಸ್ಕೂಟರ್ ನಿಂತಿದೆ, ನೆಂಟರು ಸಾಲಾಗಿ ಕೈ ಬೀಸುತ್ತಾರೆ. ತಾಯಿ ಮಾತ್ರ ಅಂಚಿನಲ್ಲಿ ಸಿಕ್ಕುತ್ತಾಳೆ. ಒಂದನೆಯ ಟೇಪಿನಲ್ಲಿ ಮೊಣಕೈ. ಮೂರನೆಯದರಲ್ಲಿ ತಟ್ಟೆ ಇಟ್ಟು ಹಿಂದೆ ಸರಿದ ಕೈ. ಐದರಲ್ಲಿ ಫ್ರಿಜ್ಜಿನ ಬಾಗಿಲ ಹಿಂದಿನಿಂದ ಅರ್ಧ ಮುಖ, ಬಾಗಿಲು ಮುಚ್ಚುವಷ್ಟರಲ್ಲಿ ಅದೂ ತಿರುಗಿ ಹೋಗುತ್ತದೆ. ಎಂಟರಲ್ಲಿ ಬರೀ ಬೆನ್ನು, ಏಳು ಸಲ ಒಳಗೆ ಹೋಗುವುದು. ಹತ್ತು ಟೇಪು ಮುಗಿದಾಗ ಹತ್ತು ಗಂಟೆಯಲ್ಲಿ ತಾಯಿ ಸಿಕ್ಕಿದ್ದು ಹದಿನಾಲ್ಕು ನಿಮಿಷ. ಅದರಲ್ಲಿ ಮುಖ ಎನ್ನುವುದು ಎರಡು ನಿಮಿಷವೂ ಇರಲಿಲ್ಲ. ಹತ್ತರದ್ದೂ ಪ್ರತಿ ಹಳೆಯ ಡಿಸ್ಕಿನಲ್ಲಿ ಭದ್ರವಾಗಿತ್ತು.

ಹನ್ನೊಂದನೆಯದು ಎಲ್ಲಕ್ಕಿಂತ ಕೆಟ್ಟಿತ್ತು. ಪದರಗಳು ಒಂದಕ್ಕೊಂದು ಅಂಟಿದ್ದವು. ಅವಳು ಉಸಿರು ಬಿಗಿಹಿಡಿದು ಒಂದೇ ಸಲ ಓಡಿಸಿದಳು. ಹಳೆಯ ಡಿಸ್ಕು ಆ ವೇಗಕ್ಕೆ ಬರೆಯಲಾರದು, ಚಿತ್ರ ಅಲ್ಲಲ್ಲಿ ಹಾರಿಹೋಗುತ್ತದೆ. ಆದ್ದರಿಂದ ಜೋಡಿಗೇ ಇಳಿಸಿದಳು. ಹಾಗೆ ಹೊಸ ಡಿಸ್ಕುಗಳ ವೇಗದ ಋಣ ಅವಳ ಮೇಲೂ ಇತ್ತು.

ಅರ್ಧ ಟೇಪಿನ ಹೊತ್ತಿಗೆ ಚಿತ್ರ ವಾಲಿತು. ಯಾರೋ ಮಗುವಿನ ಕೈಗೆ ಕ್ಯಾಮೆರಾ ಬಂದಿತ್ತು. "ಅಮ್ಮಾ, ಇಲ್ಲಿ ನೋಡು." ಹಿತ್ತಿಲ ಮೆಟ್ಟಿಲ ಮೇಲೆ ಕೂದಲು ಬಿಚ್ಚಿ ಕುಳಿತ ಹೆಂಗಸು ತಿರುಗಿ ನೋಡಿದಳು. ನೋಡಿದಳು, ನಕ್ಕಳು, ಮಾತಿಗೆ ಕೂತಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲು ಕದ್ದು ತುಳಿಯಲು ಕಲಿತದ್ದು, ಊರ ಕೊನೆಯ ಸೇತುವೆಯವರೆಗೆ ಹೋಗಿ ಯಾರಿಗೂ ತಿಳಿಯದಂತೆ ವಾಪಸು ಬಂದದ್ದು. ಹತ್ತಿರ ಹತ್ತಿರ ಮೂರು ನಿಮಿಷ ಪೂರ್ತಿ ಮುಖ. ಆಮೇಲೆ "ಸಾಕು, ಹಾಲು ಒಲೆ ಮೇಲಿದೆ" ಎಂದು ಎದ್ದು ಒಳಗೆ ಹೋದಳು. ಬರಿದಾದ ಮೆಟ್ಟಿಲನ್ನು ಕ್ಯಾಮೆರಾ ಇನ್ನೂ ಒಂದು ನಿಮಿಷ ನೋಡುತ್ತ ಉಳಿಯಿತು.

ಟೇಪನ್ನು ಯಂತ್ರದಿಂದ ತೆಗೆದಾಗ ಅದರ ಕಂದು ಲೇಪ ಹಿಟ್ಟಿನಂತೆ ಬೆರಳಿಗೆ ಬಂತು. ಇನ್ನು ಅದು ಬರೀ ಪಾರದರ್ಶಕ ಪಟ್ಟಿ. ಅದರಲ್ಲಿದ್ದದ್ದು ಈಗ ಇರುವುದು ಒಂದೇ ಕಡೆ. ಅವಳು ಬರಿದಾದ ಮೆಟ್ಟಿಲೂ ಸೇರಿ ಆ ನಾಲ್ಕು ನಿಮಿಷವನ್ನು ಬೇರೆ ಫೈಲು ಮಾಡಿ, ದರ್ಜಿಯಮ್ಮನಿಗೆ ಫೋನು ಮಾಡಿದಳು.

"ಹನ್ನೊಂದರಲ್ಲಿ ನಿಮ್ಮಮ್ಮ ಇದಾರೆ. ಪೂರ್ತಿ ಇದಾರೆ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಶುಕ್ರವಾರ ಬರ್ತೀನಿ," ಎಂದಿತು ದನಿ.

ಆ ಸಂಜೆ ಪ್ರತಿ ಮಾಡಿಡಬೇಕಿತ್ತು. ಸಂಜೆಗೆ ಸರಿಯಾಗಿ ಅತ್ತೆ ಸ್ನಾನದ ಮನೆಯಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ಪಾದ ಊದಿತು. ಮೂರು ದಿನ ನೋಡಲು ಬರುವವರ ಸಾಲು. ಬಂದವರಿಗೆಲ್ಲ ಟೀ, ಅತ್ತೆಗೆ ಬಿಸಿನೀರಿನ ಶಾಖ, ಎರಡು ಗಂಟೆಗೊಮ್ಮೆ ಕೈ ಹಿಡಿದು ನಡೆಸುವುದು. ಹಳೆಯ ಡಿಸ್ಕು ಡ್ರಾಯರಿನಲ್ಲಿ ಮಿಕ್ಸಿ ಮುಚ್ಚಳಗಳ ಕೆಳಗೆ ಮಲಗಿತ್ತು. ದಿನಕ್ಕೆ ಹತ್ತು ಸಲ ನೆನಪಾಗುವುದು, ಹತ್ತು ಸಲವೂ ಯಾರೋ ಕರೆಯುವರು.

ಶುಕ್ರವಾರ ಬೆಳಿಗ್ಗೆ ಕುಕ್ಕರಿಗೆ ಬೇಳೆ ಹಾಕಿ ಒಲೆ ಹಚ್ಚಿ, ಕಂಪ್ಯೂಟರ್ ಚಾಲೂ ಮಾಡಿದಳು. ಟಕ್. ಒಂದು ಕ್ಷಣ ಬಿಟ್ಟು ಟಕ್, ಟಕ್. ಗಡಿಯಾರ ಅಂದುಕೊಳ್ಳಲು ಈ ಕೋಣೆಯಲ್ಲಿ ಗಡಿಯಾರ ಇರಲಿಲ್ಲ.

ಮೈದುನನಿಗೆ ಫೋನು ಮಾಡಿ, ಮಾತಾಡದೆ ಫೋನನ್ನು ಕಂಪ್ಯೂಟರಿನ ಪಕ್ಕಕ್ಕೆ ಹಿಡಿದಳು.

"ಅಯ್ಯೋ," ಎಂದ ಮೈದುನ. "ಅತ್ತಿಗೆ, ಆಫ್ ಮಾಡಬೇಡಿ. ಮಾಡಿದ್ರೆ ಮತ್ತೆ ಎದ್ದೇಳೋ ಖಾತ್ರಿ ಇಲ್ಲ. ರಿಪೇರಿಯವರಿಗೆ ಕಳಿಸಿದ್ರೆ ತಿಂಗಳು ಆಗುತ್ತೆ, ಪಟ್ಟೆ ಜೋಡಿ ಅಂದ್ರೆ ಅವರೂ ತಲೆ ಕೆರ್ಕೋತಾರೆ. ಯಾವುದು ಬೇಕೇ ಬೇಕೋ ಅದನ್ನ ಮೊದಲು ಎತ್ಕೊಳ್ಳಿ."

"ಎಷ್ಟು ಹೊತ್ತು ಇರುತ್ತೆ?"

"ಹತ್ತು ನಿಮಿಷ ಇರಬಹುದು, ಅರ್ಧ ಗಂಟೆ ಇರಬಹುದು. ಮೌಸಿನಲ್ಲಿ ಎಳೆದು ಹಾಕಬೇಡಿ, ಮಧ್ಯ ನಿಂತ್ರೆ ಬಂದಿದ್ದನ್ನೂ ಅಳಿಸಿಬಿಡುತ್ತೆ. ನಾನು ಹಿಂದೆ ಹಾಕ್ಕೊಟ್ಟಿದ್ದೆನಲ್ಲ ಕೆಂಪು ಚಿಹ್ನೆ ಇರೋ ಪ್ರೋಗ್ರಾಂ, ಅದನ್ನ ತೆಗೀರಿ. ಅದು ಸಿಕ್ಕಿದಷ್ಟನ್ನ ಉಳಿಸುತ್ತೆ. ನಾನು ಬರ್ತಾ ಇದೀನಿ."

ಅವಳು ಡ್ರಾಯರ್ ಎಳೆದಳು. ಮುಚ್ಚಳಗಳು ನೆಲಕ್ಕೆ ಬಿದ್ದು ಉರುಳಿದವು. ಆ ಸದ್ದಿಗೆ ಗಂಡ ಬಾಗಿಲಿಗೆ ಬಂದ. ಟಕ್ ಟಕ್ ಅವನಿಗೂ ಕೇಳಿಸಿತು.

"ಏನದು?"

"ಜೋಡೀಲಿ ಒಂದು ಸಾಯ್ತಾ ಇದೆ."

"ಇನ್ನೊಂದು ಇದೆಯಲ್ಲ," ಎಂದ ಅವನು, ನಿಜವಾಗಿ ನಿಶ್ಚಿಂತೆಯಿಂದ.

ರೀಲಕ್ಕ ತಿರುಗಿ ನೋಡಿದಳು. "ಇನ್ನೊಂದರಲ್ಲಿ ಅರ್ಧ ಇದೆ ಅಷ್ಟೇ. ಪ್ರತಿಯೊಂದರ ಅರ್ಧ. ಒಂದು ಹೋದ್ರೆ ಎಲ್ಲ ಹೋಯ್ತು. ನಿಮ್ಮ ಕಾರ್ಡುಗಳಿದಾವೆ ತಾನೆ, ಮದುವೇದು?"

"ಅಳಿಸಿಬಿಟ್ಟೆ. ಎರಡು ಡಿಸ್ಕಲ್ಲಿ ಇದೆ ಅಂತ. ಅವರಿಗೂ ಹೇಳಿದೀನಿ, ನಮ್ಮಲ್ಲಿ ಎಲ್ಲಾ ಡಬಲ್ ಇರುತ್ತೆ ಅಂತ." ಎರಡು ಹೆಜ್ಜೆಯಲ್ಲಿ ಕುರ್ಚಿಯ ಹಿಂದೆ ಬಂದ. "ನಂದು ಮೊದಲು ತೆಗಿ. ಭಾನುವಾರ ಕೊಡಬೇಕು."

"ನಿಮ್ಮದು ಆಗೋಕೆ ನಾಲ್ಕು ಗಂಟೆ ಬೇಕು, ಚೆನ್ನಾಗಿರೋ ಡಿಸ್ಕಿಂದ. ಈ ಡಬ್ಬೀಲಿ ಅಷ್ಟು ಜಾಗವೂ ಇಲ್ಲ."

"ಆಗಿದ್ದಷ್ಟು ಆಗ್ಲಿ."

"ನಾಲ್ಕು ನಿಮಿಷದ್ದೊಂದು ಫೈಲಿದೆ. ಅದು ಮೊದಲು."

"ಯಾರದು? ಆ ಟೈಲರಮ್ಮಂದಾ? ಮದುವೆಮನೆ ಕೆಲಸ ಬಿಟ್ಟು…" ಅವನ ಕೈ ಮೌಸಿನ ಕಡೆ ಬಂತು.

ಅವಳು ಆ ಮುಂಗೈಯನ್ನು ಹಿಡಿದಳು. ಬಿಸಿ ಪಾತ್ರೆ ಇಳಿಸುವವಳ ಹಿಡಿತ ಅದು. "ಅದರ ಟೇಪು ಪುಡಿಯಾಗಿದೆ. ಜಗತ್ತಲ್ಲಿ ಇನ್ನೆಲ್ಲೂ ಇಲ್ಲ," ಎಂದಳು, ದನಿ ಏರಿಸದೆ. ಇನ್ನೊಂದು ಕೈಯಲ್ಲಿ ಫೈಲು ಆರಿಸಿ ಒತ್ತಿದಳು.

ಪರದೆಯ ಮೇಲೆ ಹಸಿರು ಗೆರೆ ನೂರಕ್ಕೆ ಎರಡು ಎಂದಿತು. ಮೂರು. ಟಕ್ ಟಕ್ ಟಕ್. ಮೂರರಲ್ಲೇ ನಿಂತಿತು. ಒಳಗೆ ಏನೋ ಕೆರೆದ ಸದ್ದು, ಮತ್ತೆ ನಾಲ್ಕು.

ಕುಕ್ಕರ್ ಮೊದಲ ಸಲ ಕೂಗಿತು.

ಹನ್ನೊಂದು. ಹದಿನಾರು. ಜೋಡಿಯಲ್ಲಿ ಒಂದು ಸಲೀಸಾಗಿ ಓದಿ ಮುಗಿಸಿ ಕಾಯುತ್ತದೆ, ಇನ್ನೊಂದು ತಡಕಾಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಅವಳಿಗೆ ಆಗ ನೆನಪಾಯಿತು, ನಗು ಬರಲಿಲ್ಲ. ಗಂಡ ಹಿಂದೆ ನಿಂತು ಹೆಬ್ಬೆರಳು ಕಚ್ಚುತ್ತಿದ್ದ. ಇಪ್ಪತ್ತೆಂಟು. ಕುಕ್ಕರ್ ಎರಡು, ಮೂರು ಸಲ ಕೂಗಿತು.

"ಏನೇ, ಕುಕ್ಕರ್ ಕೂಗ್ತಿದೆ," ಎಂದರು ಅತ್ತೆ ಒಳಕೋಣೆಯಿಂದ.

ಇಪ್ಪತ್ತೆರಡು ವರ್ಷದಲ್ಲಿ ಮೂರನೆಯ ಕೂಗಿಗೆ ಎದ್ದು ಹೋಗದ ದಿನ ಇರಲಿಲ್ಲ. ಜ್ವರ ಬಂದಾಗ ಕೂಡ ಕಾಲುಗಳು ತಾವಾಗಿ ಎದ್ದು ಹೋಗುತ್ತಿದ್ದವು. ಈಗಲೂ ಹಿಮ್ಮಡಿ ನೆಲದಿಂದ ಎದ್ದಿತು. ಪ್ರೋಗ್ರಾಂ ನಲವತ್ತೊಂದರಲ್ಲಿ ಒಂದು ಪ್ರಶ್ನೆ ಕೇಳಿತು: ಈ ಭಾಗ ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸುವುದೇ, ಬಿಡುವುದೇ. ಅವಳು ಮತ್ತೆ ಎಂದು ಒತ್ತಿದಳು. ಮತ್ತೆ. ಮತ್ತೆ. ಹಿಮ್ಮಡಿ ನೆಲಕ್ಕೆ ಇಳಿಯಿತು.

"ಸೀದ ವಾಸನೆ ಬರ್ತಿದೆಯಲ್ಲೇ."

"ರೀ, ಹೋಗಿ ಒಲೆ ಆರಿಸಿ," ಎಂದಳು ಪರದೆಯಿಂದ ಕಣ್ಣು ತೆಗೆಯದೆ.

"ಯಾವ ಗುಂಡಿ?"

"ಉರೀತಿರೋದರದ್ದು."

ಅವನು ಹೋದ. ಯಾವುದನ್ನೋ ತಿರುಗಿಸಿದ, ಇನ್ನಾವುದನ್ನೋ ತಿರುಗಿಸಿದ, ಕೊನೆಗೆ ಕೂಗು ನಿಂತಿತು. ಐವತ್ತೈದು. ಅರವತ್ತು. ಟಕ್ ಟಕ್ ಈಗ ಒಂದೇ ಸಮನೆ, ಬಾಗಿಲು ತಟ್ಟಿದಂತೆ. ಅರವತ್ತೆಂಟು. ಒಂದು ಹನಿ ಬೆವರು ಅವಳ ಹುಬ್ಬಿನಿಂದ ಕೀಲಿಮಣೆಯ ಮೇಲೆ ಬಿತ್ತು. ಎಪ್ಪತ್ತೊಂದು.

ಸದ್ದು ನಿಂತಿತು. ಕೋಣೆಯಲ್ಲಿ ಬೀಸಣಿಗೆ ತಿರುಗುವುದು ಮಾತ್ರ ಕೇಳಿತು. ಮತ್ತೆ ಎಂದು ಒತ್ತಿದಳು. ಡಿಸ್ಕೇ ಇಲ್ಲ ಎಂದಿತು ಪರದೆ. ಜೋಡಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹನ್ನೊಂದನೆಯ ಟೇಪಿನ ಉಳಿದ ಭಾಗ, ಮೂರು ಕ್ಯಾಮೆರಾದ ಮದುವೆ, ಯಾವುದೂ ಇರಲಿಲ್ಲ.

ಹಳೆಯ ಡಿಸ್ಕಿನಲ್ಲಿ ಬಂದು ಕುಳಿತ ತುಂಡನ್ನು ತೆರೆಯಲು ಅವಳಿಗೆ ಐದು ನಿಮಿಷ ಧೈರ್ಯ ಬರಲಿಲ್ಲ. ತೆರೆದಳು. ಹಿತ್ತಿಲ ಮೆಟ್ಟಿಲು ಇತ್ತು. ಕೂದಲು ಬಿಚ್ಚಿದ ಹೆಂಗಸು ಇದ್ದಳು. ರೀಲಕ್ಕ ಕೂಡಲೇ ಅದರ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ, ಕರಿಯಾದ ಕುಕ್ಕರನ್ನು ನೋಡಿ, ನೀರು ತುಂಬಿಸಿ ನೆನೆಯಲು ಬಿಟ್ಟಳು.

ಮಧ್ಯಾಹ್ನ ಗಂಡ ಫೋನು ಹಿಡಿದು ಕೋಣೆಗೆ ಬಂದ. ಬಾಡಿಗೆಗೆ ಕರೆಸಿದ್ದ ಕ್ಯಾಮೆರಾದವನ ಕಾರ್ಡು ಹಾಗೇ ಇದೆಯಂತೆ. ಆದರೆ ಅವನನ್ನು ನಿಲ್ಲಿಸಿದ್ದು ಪಕ್ಕದಲ್ಲಿ. ಮದುಮಗಳ ಕಿವಿ, ಮದುಮಗನ ಭುಜ, ಊಟದ ಸಾಲು. ಎದುರಿನಿಂದ ತೆಗೆದದ್ದೆಲ್ಲ ಗಂಡನ ಎರಡು ಕ್ಯಾಮೆರಾದ್ದೇ, ಅದೆಲ್ಲ ಹೋಗಿತ್ತು.

"ಮದುವೆಮನೆಯವರಿಗೆ ನೀನು ಹೇಳು," ಎಂದ, ಮೆತ್ತಗೆ. "ಹೆಂಗಸರ ಹತ್ರ ಅಷ್ಟು ಸಿಟ್ಟು ಮಾಡ್ಕೊಳ್ಳಲ್ಲ."

"ಎರಡಿದೆ ಅಂತ ಹೇಳಿದ್ದು ನೀವು. ಒಂದೂ ಇಲ್ಲ ಅಂತಾನೂ ನೀವೇ ಹೇಳಿ."

"ಎರಡು ಅಂದ್ರೆ ಎರಡು ಅಂತ ತಾನೇ ಯಾರಾದ್ರೂ ತಿಳ್ಕೊಳ್ಳೋದು," ಎಂದ. ಅದು ತಪ್ಪೊಪ್ಪಿಗೆಯೂ ಅಲ್ಲ, ದೂರೂ ಅಲ್ಲ. ಮುಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಅವನ ದನಿ ಬಹಳ ಹೊತ್ತು ಕೇಳಿತು, ನಡುನಡುವೆ ಬಹಳ ಹೊತ್ತು ಕೇಳಲಿಲ್ಲ.

ಮೈದುನ ಬಂದ. ಈ ಸಲವೂ ಒಂದು ದೊಡ್ಡ ಡಬ್ಬಿ, ಎರಡು ಸಣ್ಣವು. ಅಣ್ಣ ಇರುವ ಬಾಗಿಲ ಕಡೆ ನೋಡಿ, ಮೇಜಿನ ಮೇಲಿಟ್ಟು, "ಯಾವುದು ಹಾಕಲಿ ಅತ್ತಿಗೆ?" ಎಂದ.

"ಕೋಟೆ ಲೂಟಿ ಆದ ಮೇಲೆ ದಿಡ್ಡಿ ಬಾಗಿಲು ಯಾವುದು ಬೇಕು ಅಂತ ಕೇಳೋಕೆ ಬಂದ್ಯಾ."

ಮೈದುನ ತಲೆ ತಗ್ಗಿಸಿದ. "ಅವತ್ತು ಅಣ್ಣ ಒಳಗೆ ಬಂದ ಮೇಲೆ ಇನ್ನೊಂದ್ಸಲ ಹೇಳಬೇಕಾಗಿತ್ತು ನಾನು."

"ಹೇಳಬೇಕಾಗಿತ್ತು. ನಾನೂ ಮೂರನೇ ಸಲ ಹೇಳಬೇಕಾಗಿತ್ತು." ಅವಳು ದೊಡ್ಡ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. "ಇದು ಒಳಗೆ. ಇದೇ ಅಳತೇದು ಇನ್ನೊಂದು ಹೊರಗಿಡೋಕೆ. ಎರಡನ್ನ ಒಂದಕ್ಕೊಂದು ಕಟ್ಟಬೇಡ, ಒಂದರ ಹಾಗೇ ಇನ್ನೊಂದು, ಬೇರೆ ಬೇರೆ. ಮದುವೇದು ಕಾಪಿ ಮಾಡೋದು ಹೇಗೆ ಅಂತ ನಿಮ್ಮಣ್ಣನಿಗೆ ಹೇಳ್ಕೊಟ್ಟು ಹೋಗು. ಅವರ ಮದುವೆ ಅವರು ಕಾಪಿ ಮಾಡ್ಲಿ."

"ಮಾಡ್ತಾನಾ?"

"ಒಲೆ ಆರಿಸೋಕೂ ಬರಲ್ಲ ಅಂದ್ಕೊಂಡಿದ್ದೆ. ಆರಿಸಿದ್ರಲ್ಲ."

ದರ್ಜಿಯಮ್ಮ ನಾಲ್ಕು ಗಂಟೆಗೆ ಬಂದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಮನೆಯೆಲ್ಲ ಇನ್ನೂ ಸೀದ ವಾಸನೆ. ರೀಲಕ್ಕ ಕುರ್ಚಿ ಕೊಟ್ಟು, ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿ ತಾನು ಕುಳಿತಳು. ಏನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಆದದ್ದನ್ನು ಹೇಳಿದಳು, ಮೂರು ದಿನ ಪ್ರತಿ ಮಾಡದೆ ಬಿಟ್ಟದ್ದನ್ನೂ ಹೇಳಿದಳು.

"ಪೂರ್ತಿ ಇದಾರೆ ಅಂದಿದ್ದೆ. ಪೂರ್ತಿ ಉಳೀಲಿಲ್ಲ. ಕೊನೇದು ಹೋಯ್ತು."

ದರ್ಜಿಯಮ್ಮ ಅಳತೆಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಾಕಿ," ಎಂದಳು.

ಅಮ್ಮಾ, ಇಲ್ಲಿ ನೋಡು ಎಂದಿತು ಅವಳದೇ ಎಂಟು ವರ್ಷದ ದನಿ. ಹೆಂಗಸು ತಿರುಗಿದಳು, ನಕ್ಕಳು. ನಲವತ್ತೊಂದರ ಬಳಿ ಮುಖದ ಮೇಲೆ ಒಂದು ಚೌಕ ಕಪ್ಪಾಗಿ ಹಾದು ಹೋಯಿತು, ಮತ್ತೆ ಮುಖ ಬಂತು. ಅಣ್ಣನ ಸೈಕಲ್ಲು, ಸೇತುವೆ, ಸೇತುವೆಯ ಮೇಲಿನ ಗಾಳಿ. ದರ್ಜಿಯಮ್ಮ ಪರದೆಗೆ ಎಷ್ಟು ಹತ್ತಿರ ಬಂದಿದ್ದಳೆಂದರೆ ಅವಳ ಉಸಿರು ಗಾಜಿನ ಮೇಲೆ ಮೂಡುತ್ತಿತ್ತು.

"ಯಾರಿಗೂ ಹೇಳಬೇಡ ಆಯ್ತಾ," ಎಂದಳು ಮೆಟ್ಟಿಲ ಮೇಲಿನ ಹೆಂಗಸು, ನೇರ ಅವರಿಬ್ಬರನ್ನೂ ನೋಡುತ್ತ. ಒಂದು ಅಂಗೈಯನ್ನು ಮೆಟ್ಟಿಲಿಗೆ ಊರಿ, ಏನೋ ನೆನಪಾದವಳಂತೆ ತಲೆ ಎತ್ತಿದಳು. ಅಲ್ಲಿಗೆ ಚಿತ್ರ ನಿಂತಿತು. ಏಳಲಿಲ್ಲ, ತಿರುಗಲಿಲ್ಲ, ನಗು ಇನ್ನೂ ಮುಖದಲ್ಲಿತ್ತು.

"ಇದಾದ ಮೇಲೆ ಏನಿತ್ತು?" ಎಂದಳು ದರ್ಜಿಯಮ್ಮ.

"ಹಾಲು ಒಲೆ ಮೇಲಿದೆ ಅಂತ ಎದ್ದು ಒಳಗೆ ಹೋದ್ರು. ಆಮೇಲೆ ಬರೀ ಮೆಟ್ಟಿಲು."

ದರ್ಜಿಯಮ್ಮನಿಗೆ ಕಣ್ಣು ಒರೆಸಿಕೊಳ್ಳಲು ಅಳತೆಪಟ್ಟಿಯೇ ಕೈಗೆ ಬಂತು.

"ಬಿಡಿ ಅಕ್ಕ. ಒಳಗೆ ಹೋಗಿದ್ದನ್ನ ಹತ್ತು ಟೇಪಲ್ಲೂ ನೋಡಬಹುದು," ಎಂದಳು. "ಇನ್ನೊಂದ್ಸಲ ಹಾಕಿ."

ರೀಲಕ್ಕ ಮೊದಲಿನಿಂದ ಹಾಕಿದಳು. ಅಡುಗೆಮನೆಯಿಂದ ಪಾತ್ರೆ ತಡಕಾಡುವ ಸದ್ದು ಬಂತು. ಒಳಕೋಣೆಯಿಂದ ಅತ್ತೆ "ಟೀ ಆಯ್ತಾ?" ಎಂದರು. "ಟೀ ಪುಡಿ ಯಾವ ಡಬ್ಬೀಲಿದೆ?" ಎಂದ ಗಂಡ.

ಎಲ್ಲ ಡಬ್ಬಿಯನ್ನೂ ತೆಗೆದು ನೋಡಲಿ ಎಂದು ರೀಲಕ್ಕ ಬಕೆಟ್ಟಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಕುಳಿತಳು.